ಬೇಲಿ ಸುಮ್ಮನಾದ ಸಂಜೆ

ಶುರುವಿನಲ್ಲೇ ಒಪ್ಪಿಕೊಂಡುಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮಾದೇವಣ್ಣ ಅಂದು ತೊಟ್ಟಿದ್ದ ಅಂಗಿ ನೀಲಿಯೋ ಬೂದುಬಣ್ಣದ್ದೋ ನನಗೀಗ ಖಚಿತವಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದಲೂ ಇದೆ. ಆದರೆ ಆ ಸಂಜೆಯ ಬಗ್ಗೆ ಬರೆದದ್ದು ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಊರವರ ಮಾತು ನನ್ನ ನೆನಪಿನೊಳಗೆ ಎಷ್ಟು ಸೇರಿಕೊಂಡಿತ್ತೋ ಹೇಳಲಾರೆ. ಸತ್ತವರು ಕಾಣಿಸಿಕೊಂಡರು ಎನ್ನುವವರನ್ನು ಕಂಡು ನಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ನನ್ನ ಕೆಲಸದ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ವಿಶ್ವದಲ್ಲಿ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದಲ್ಲಿ ಎಲ್ಲೆಲ್ಲೂ ಜಲಜನಕ ತುಂಬಿತ್ತು. ಆ ಜಲಜನಕದ ಗುರುತು ಒಂದು ರೇಡಿಯೋ ಅಲೆಯಾಗಿ ಇಂದಿಗೂ ನಮ್ಮ ಕಡೆ ಬರುತ್ತಿದೆ. ವಿಶ್ವ ಹಿಗ್ಗಿದಂತೆ ಆ ಅಲೆಯೂ ಹಿಗ್ಗಿ, ನಾವು ಎಫ್‌ಎಂ ಕೇಳುವ ತರಂಗಪಟ್ಟಿಯ ಆಸುಪಾಸಿಗೆ ಬಂದು ನಿಂತಿದೆ. ಅದು ಎಷ್ಟು ಕ್ಷೀಣವೆಂದರೆ, ಹತ್ತಿರದಲ್ಲಿ ಒಂದು ಸ್ವಿಚ್ಚು ಕಿಡಿ ಹಾರಿಸಿದರೂ ಅದರಡಿ ಮುಚ್ಚಿಹೋಗುತ್ತದೆ. ನಿಜವಾದ ಅಳತೆಗೆ ದೂರದ ಬೆಟ್ಟಗಾಡಿಗೆ ಹೋಗಬೇಕು. ಅದಕ್ಕೂ ಮೊದಲು ಆಂಟೆನಾವನ್ನು ಬಯಲಿನಲ್ಲಿಟ್ಟು ಪರೀಕ್ಷೆ ಮಾಡಬೇಕಿತ್ತು. ಜಾಗ ಹುಡುಕುತ್ತಿದ್ದಾಗ ನನಗೆ ಹೊಳೆದದ್ದು ಮೂಗೂರಿನಾಚೆ ಇರುವ ಸೋದರಮಾವನ ಜಮೀನು.

ಅಪ್ಪ ಹೋದ ಮೇಲೆ ಅಮ್ಮನನ್ನೂ ನನ್ನನ್ನೂ ನೋಡಿಕೊಂಡವನು ಮಾವನೇ. ಅಮ್ಮನಿಗೆ ನಂಜನಗೂಡಿನಲ್ಲಿ ಮನೆ ಮಾಡಿಕೊಟ್ಟ. ನಾನು ಓದಿದ್ದು ಅವನ ದಯೆಯಿಂದ. ಆಂಟೆನಾ ಇಡಲು ಬಾಳೆ ತೆಗೆದು ಖಾಲಿಯಾಗಿದ್ದ ತುಂಡನ್ನು ಕೇಳಿದ ತಕ್ಷಣ ಕೊಟ್ಟ. ಅದರ ಕೆಳಗೆ ಕಬ್ಬಿನ ಗದ್ದೆ, ಅದರಾಚೆ ನಾಲೆ. ಕಾಡುಹಂದಿಗಳ ಕಾಟಕ್ಕೆ ಕಬ್ಬಿನ ಸುತ್ತ ಸೋಲಾರ್ ಬೇಲಿ ಇತ್ತು. ಅದು ನಮ್ಮ ಪರದೆಯ ಮೇಲೆ ಟಿಕ್ ಟಿಕ್ ಎಂದು ಬಡಿಯುತ್ತಿತ್ತು. ಅಳತೆ ಮಾಡುವ ಸಂಜೆ ಅದನ್ನು ನಿಲ್ಲಿಸಬೇಕೆಂದು ಕೇಳಿಕೊಂಡಿದ್ದೆ.

ಮಾದೇವಣ್ಣ ನಾನು ಫ್ರಾಕು ಹಾಕುತ್ತಿದ್ದ ಕಾಲದಿಂದಲೂ ಮಾವನ ಜಮೀನಿನಲ್ಲಿ ದುಡಿಯುತ್ತಿದ್ದವನು. ಡೇರೆಗೆ ಗೂಟ ಹೊಡೆದುಕೊಟ್ಟವನು ಅವನೇ. ಆಂಟೆನಾದ ಸುತ್ತ ಒಂದು ಸುತ್ತು ಬಂದು, "ಏನ್ ಕೂಸೇ, ಇದ್ರಲ್ಲಿ ಪದ ಬತ್ತದಾ, ಬರೀ ಗೊರಗೊರನೆಯಾ?" ಎಂದ. ಬರೀ ಗೊರಗೊರವೇ ಎಂದೆ. "ಅಷ್ಟುಕ್ಕೆ ಇಷ್ಟೊಂದ್ ಓದ್ಬೇಕಾಯ್ತಾ? ನಮ್ಮನೆ ರೇಡಿಯೋ ಓದ್ದೇನೇ ಗೊರಗುಟ್ತದೆ ಕಣವ್ವ." ನನ್ನ ಜೊತೆ ಬಂದಿದ್ದ ಸುಮಂತ ಇದನ್ನು ಇಡೀ ದಿನ ಹೇಳಿಕೊಂಡು ನಕ್ಕ.

ಶಿವರಾತ್ರಿ ಕಳೆದಿತ್ತು, ಬಿಸಿಲು ಏರುತ್ತಿತ್ತು. ಹೊತ್ತು ಮುಳುಗುತ್ತಿದ್ದಂತೆ ಸೋಲಾರ್ ಬೇಲಿಯ ಟಿಕ್ ಟಿಕ್ ನಿಂತಿತು. ಆದರೆ ಅದರ ಹಿಂದೆ ಅಡಗಿದ್ದ ಇನ್ನೊಂದು ಗದ್ದಲ ಮೇಲೆದ್ದಿತು. ಬಿಡುವಿಲ್ಲದ ಚಟಪಟ, ತರಂಗಪಟ್ಟಿಯ ತುಂಬ ಹರಡಿತ್ತು. ಎಲ್ಲೋ ಕರೆಂಟಿನ ತಂತಿಗೆ ಹಸಿ ಎಲೆ ತಾಗುತ್ತಿರಬೇಕು ಎಂದ ಸುಮಂತ. ನಾನು ಮೋಟರ್ ಮನೆಯ ಕಡೆ ಹೋದೆ. ಮಾವ ಹೊರಗೆ ಕಲ್ಲಿನ ಮೇಲೆ ಕೂತಿದ್ದ. ಇನ್ನೂ ಏನೋ ಆನ್ ಇದೆ ಮಾವ ಎಂದೆ. "ಎಲ್ಲಾ ಆಫ್ ಮಾಡಿವ್ನಿ ಕಣವ್ವ. ಇನ್ನೇನ್ ಊರ ಟ್ರಾನ್ಸ್‌ಫಾರಮ್ನೇ ಕಿತ್ತು ತಂದ್ಕೊಡ್ಲಾ?" ಎಂದು ರೇಗಿದ. ಮಾವ ನನ್ನ ಮೇಲೆ ರೇಗುವವನಲ್ಲ. ಸುಮ್ಮನೆ ವಾಪಸು ಬಂದೆ.

ಗದ್ದಲ ಹಾಗೇ ಇತ್ತು. ಕೇಬಲ್ಲು ಸಡಿಲವಾಗಿದೆಯೇನೋ ಎಂದು ನೋಡಲು ಆಂಟೆನಾದ ಹತ್ತಿರ ಬಗ್ಗಿದ್ದೆ. ಡೇರೆಯೊಳಗಿಂದ ಸುಮಂತ "ಹೋಯ್ತು, ಹೋಯ್ತು! ಪೂರ್ತಿ ಹೋಯ್ತು!" ಎಂದು ಕೂಗಿದ. ನಾನು ಏನನ್ನೂ ಮುಟ್ಟಿರಲಿಲ್ಲ. ಎದ್ದು ನಿಂತಾಗ ಬದುವಿನ ಮೇಲೆ ಮಾದೇವಣ್ಣ ಬರುತ್ತಿದ್ದ. ಪಡುವಲಲ್ಲಿ ಇನ್ನೂ ಬೆಳಕಿತ್ತು, ಮುಖ ಗುರುತು ಹತ್ತುವಷ್ಟು. ಹತ್ತಿರ ಬಂದು ಒಂದು ಬಿಳಿ ಪಿಂಗಾಣಿ ಫ್ಯೂಸನ್ನು ನನ್ನ ಕೈಗಿಟ್ಟ.

"ತಕ್ಕೊ ಕೂಸೇ. ನಿನ್ ತಾವೇ ಇರ್ಲಿ. ಇನ್ ಯಾರೂ ಹಾಕಕ್ಕಾಗಲ್ಲ."

ನಮ್ಮ ಕಡೆ ಇದು ರೂಢಿ. ಮೋಟರ್ ರಿಪೇರಿಗೋ ತಂತಿ ಕಟ್ಟಲೋ ಹೋಗುವವರು ಮೊದಲು ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಸ್ವಿಚ್ಚು ಆಫ್ ಮಾಡಿದೆ ಎಂಬ ಮಾತನ್ನು ಯಾರೂ ನಂಬುವುದಿಲ್ಲ, ಕೈಯಲ್ಲಿರುವ ಫ್ಯೂಸನ್ನು ಮಾತ್ರ ನಂಬುತ್ತಾರೆ. ಹಾಗಾಗಿ ನನಗೆ ವಿಚಿತ್ರವೆನಿಸಲಿಲ್ಲ. ಟೀ ಕುಡಿದು ಹೋಗು ಎಂದೆ. ಅವನಾಗಲೇ ತಿರುಗಿದ್ದ. ಬಂದ ದಾರಿಯಲ್ಲೇ ಕಬ್ಬಿನ ಕಡೆ ನಡೆದ. ಒಂದು ತಮಾಷೆಯ ಮಾತೂ ಆಡದೆ ಹೋದನಲ್ಲ ಎಂದು ಆಗಲೇ ಅನಿಸಿತೋ, ಆಮೇಲೆ ಅನಿಸಿತೋ. ಪಿಂಗಾಣಿ ಬೆಚ್ಚಗಿತ್ತು ಎಂದು ನೆನಪು. ಇದನ್ನೂ ನಾನೇ ಸೇರಿಸಿಕೊಂಡಿರಬಹುದು.

ಆ ಸಂಜೆ ಸಿಕ್ಕಿದಷ್ಟು ಶುಭ್ರವಾದ ಆಕಾಶ ನಮಗೆ ಮತ್ತೆ ಎಲ್ಲೂ ಸಿಕ್ಕಿಲ್ಲ.

ಬೆಳಗ್ಗೆ ಮಾದೇವಣ್ಣನ ಹೆಂಡತಿ ನಾಗಮ್ಮ ಗಂಡನನ್ನು ಹುಡುಕಿಕೊಂಡು ಬಂದಳು. ಹಿಂದಿನ ದಿನ ಮಧ್ಯಾಹ್ನ ಉಂಡು ಹೋದವನು ಮನೆಗೆ ಬಂದಿರಲಿಲ್ಲ. ಅವನು ಕಬ್ಬಿನ ಕೆಳಬದುವಿನಲ್ಲಿ ಮಲಗಿದ್ದ. ಪಕ್ಕದ ಗೂಟಗಳಲ್ಲಿ ನೆಲಕ್ಕೆ ಹತ್ತಿರವಾಗಿ ತಂತಿ ಕಟ್ಟಿದ್ದ ಗುರುತು ಇತ್ತು, ತಂತಿ ಇರಲಿಲ್ಲ. ಅವನ ಬಲಗೈ ತೆರೆದಿತ್ತು. ಅಂಗೈಗೆ ಅಡ್ಡಲಾಗಿ ಒಂದು ಕಪ್ಪು ಗೆರೆ. ಅದನ್ನು ನಾನು ನೋಡಿದೆ. ಇದು ಮಾತ್ರ ನೆನಪಿನ ತಪ್ಪಲ್ಲ.

ಸೋಲಾರ್ ಬೇಲಿಗೆ ಹಂದಿಗಳು ಜಗ್ಗದಿದ್ದರೆ ಕೆಲವರು ಮೋಟರ್ ಮನೆಯಿಂದ ನೇರವಾಗಿ ಕರೆಂಟು ಎಳೆಯುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಮಾವ ಹಾಗೆ ಮಾಡಿದ್ದು ನನಗೆ ಗೊತ್ತಿರಲಿಲ್ಲ. "ಎದೆನೋವು ಅಂತಿದ್ದ ಪಾಪ, ವಾರದಿಂದ," ಎಂದ ಮಾವ. ಊರಿನವರು ತಲೆಯಾಡಿಸಿದರು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಮಣ್ಣಾಯಿತು. ನಾನು ಮೋಟರ್ ಮನೆಗೆ ಹೋಗಿ ನೋಡಿದೆ. ಬೋರ್ಡಿನಲ್ಲಿ ಒಂದು ಫ್ಯೂಸಿನ ಜಾಗ ಖಾಲಿ ಇತ್ತು. ಸಂಜೆ ಮತ್ತೆ ನೋಡಿದಾಗ ಅಲ್ಲಿ ಹೊಸದೊಂದು ಕೂತಿತ್ತು.

ಸುಮಂತನನ್ನು ಕೇಳಿದೆ. ಗದ್ದಲ ನಿಂತದ್ದು ಅವನಿಗೆ ನೆನಪಿದೆ. ಮಾದೇವಣ್ಣ ಬಂದದ್ದು ಅವನು ನೋಡಿಲ್ಲ, ಮಾತೂ ಕೇಳಿಲ್ಲ. "ನೀನು ಹೊರಗಿಂದ ಬರೋವಾಗ ಫ್ಯೂಸು ನಿನ್ನ ಕೈಲಿತ್ತು, ಅಷ್ಟೇ ಗೊತ್ತು," ಎನ್ನುತ್ತಾನೆ. ಅಳತೆಯಲ್ಲಿ ಗದ್ದಲವಿರುವ ಭಾಗವನ್ನು ಕತ್ತರಿಸಿ ಎಸೆಯುವುದೇ ನಮ್ಮ ಕೆಲಸದ ಮೊದಲ ಹೆಜ್ಜೆ. ಆ ಸಲ ನಾನು ಎಸೆಯಲು ಬಿಡಲಿಲ್ಲ. ನಾಗಮ್ಮನನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದೆ. ತಂತಿಯಲ್ಲಿ ಕರೆಂಟು ಹರಿಯುತ್ತಿದ್ದುದಕ್ಕೆ ನಮ್ಮ ಯಂತ್ರವೇ ಸಾಕ್ಷಿ ಎಂದೆ. ಫ್ಯೂಸನ್ನು ಯಾರು ಕೊಟ್ಟರೆಂದು ಹೇಳುವ ಧೈರ್ಯವಾಗದೆ ಅದನ್ನು ಚೀಲದಿಂದ ತೆಗೆಯಲಿಲ್ಲ. ಅಲ್ಲಿದ್ದವರು ಸಾವಧಾನವಾಗಿ ಕೇಳಿದರು. ಆಮೇಲೆ ಒಬ್ಬರು, "ಬ್ರಹ್ಮಾಂಡ ಹುಟ್ಟಿದ ಕಾಲದ್ದು ಕೇಳಕ್ಕೆ ಹೋದೋರಿಗೆ ಕಬ್ಬಿನ್ ಗದ್ದೆದು ಕೇಳಿಸ್ತಾ ಮೇಡಂ?" ಎಂದರು. ಮೇಜಿನ ಸುತ್ತ ನಗು ಹಬ್ಬಿತು. ಹೊರಗೆ ಬಂದ ಮೇಲೆ ನಾಗಮ್ಮ ಸೆರಗು ಕೊಡವಿಕೊಂಡು, "ಸಾಕು ಬುಡವ್ವ. ನಾನಾದ್ರೆ ಮಾತಾಡೋಳು, ನನ್ ಮಾತೇ ಕೇಳ್ನಿಲ್ಲ. ಇನ್ ನಿನ್ ಮಿಷಿನ್ ಮಾತ ಕೇಳ್ತಾರಾ?" ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಮ್ಮ ನಂಜನಗೂಡಿನ ಮನೆಯಲ್ಲಿ ಬಾಗಿಲಿಗೆ ಅಡ್ಡ ನಿಂತೇ ಕೇಳಿದಳು. "ಸಾಕ್ದೋನ ಮೇಲೆ ಟೇಸನ್ನು ಹತ್ತಿದ್ಯಲ್ಲ, ನಿಂಗೆ ಅನ್ನ ಎಂಗೆ ಇಳೀತದೆ?" ಅನ್ನ ಇಳಿಯುತ್ತದೆ, ಅದೇ ನಾಚಿಕೆ.

ಇಷ್ಟು ವರ್ಷ ನಾನು ಲೆಕ್ಕ ಹಾಕುತ್ತಲೇ ಇದ್ದೇನೆ. ಅಂಗೈಯ ಗೆರೆ ಕರೆಂಟಿನದಾದರೆ, ಮಾದೇವಣ್ಣ ಬಿದ್ದದ್ದು ತಂತಿ ಜೀವಂತವಾಗಿದ್ದಾಗ, ಅಂದರೆ ಗದ್ದಲ ನಿಲ್ಲುವುದಕ್ಕೆ ಮೊದಲು. ನನ್ನ ಕೈಗೆ ಫ್ಯೂಸು ಬಂದದ್ದು ಗದ್ದಲ ನಿಂತ ಮೇಲೆ. ಹಾಗಾದರೆ ಅದನ್ನು ಕಿತ್ತವರು ಬೇರೆ ಯಾರೋ, ನನಗೆ ಕೊಟ್ಟವನು ಆಗಲೇ ಸತ್ತಿದ್ದವನು. ಹಾಗಲ್ಲದೆ ಅವನು ತಾನೇ ಫ್ಯೂಸು ಕಿತ್ತು, ನನಗೆ ಕೊಟ್ಟು, ಆಮೇಲೆ ಎದೆನೋವಿನಿಂದ ಸತ್ತದ್ದಾದರೆ ಮಾವ ನಿರಪರಾಧಿ, ನಾನು ನೋಡಿದ್ದು ಬದುಕಿದ್ದ ಮನುಷ್ಯನನ್ನು. ಆ ಗೆರೆ ಮಾತ್ರ ಎಲ್ಲಿಂದ ಬಂತೋ ತಿಳಿಯದು. ಮಾವನನ್ನು ನಂಬಿದರೆ ನನ್ನ ಕಣ್ಣನ್ನು ಬಿಡಬೇಕು, ಕಣ್ಣನ್ನು ನಂಬಿದರೆ ನನ್ನ ಓದನ್ನೆಲ್ಲ ಬಿಡಬೇಕು. ಮೂರನೆಯ ದಾರಿ ನನಗೆ ಕಂಡಿಲ್ಲ.

ಈ ಯುಗಾದಿಗೆ, ಎಷ್ಟೋ ವರ್ಷಗಳ ಮೇಲೆ, ಮಾವನ ಮನೆಗೆ ಹೋಗಿದ್ದೆ. ನನ್ನೊಡನೆ ಮಾತು ಬಿಟ್ಟಿದ್ದವನು ತಾನೇ ಹೇಳಿಕಳಿಸಿದ್ದ. ಹೋಳಿಗೆಯ ಮೇಲೆ ತುಪ್ಪ ಹೆಚ್ಚಾಗಿಯೇ ಹಾಕಿಸಿದ. ಉಂಡು ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಅವನೇ ಚೊಂಬು ಹಿಡಿದು ನೀರು ಬಿಟ್ಟ. ಅಲ್ಲಿ ನಾವಿಬ್ಬರೇ ಇದ್ದೆವು.

"ಮಾವ, ಅವತ್ತು ಸಂಜೆ ಫ್ಯೂಸ್ ಕಿತ್ತಿದ್ದು ನೀನಾ?" ಎಂದು ಕೇಳಿದೆ.

ಮಾವ ಚೊಂಬಿನ ನೀರು ಮುಗಿಯುವವರೆಗೂ ನನ್ನ ಕೈಮೇಲೆ ಸುರಿಯುತ್ತಲೇ ಇದ್ದ.