ಫ್ರಿಜ್ಜಿನ ಹಿಂಬದಿಗೆ ಬಚ್ಚಿಟ್ಟ ಸೀಸೆ

ಆಸ್ಪತ್ರೆಯ ಔಷಧಿ ಬೆರೆಸುವ ಕೋಣೆಯಲ್ಲಿ ಅವಳಿಗೆ ಪಾದರಸ ಎಂದೇ ಹೆಸರು. ನಿಂತಲ್ಲಿ ನಿಲ್ಲುವ ಜಾಯಮಾನವೇ ಅವಳದಲ್ಲ. ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ ಸೂಜಿ ಹಿಡಿದಾಗ ಮಾತ್ರ ಆ ಕೈ ಅಲುಗುತ್ತಿರಲಿಲ್ಲ. ಕೈ ಹೊರಗೆ ತೆಗೆದಳೋ, ಮತ್ತೆ ಮುಚ್ಚಳ ತಿರುಗಿಸು, ಬಾಗಿಲು ನೋಡು, ಬೀಗ ಎಳೆದು ನೋಡು. ತಾಯಿ ಹೋದ ಮೇಲೆ ಈ ಪಾದರಸವನ್ನು ಹಿಡಿದು ಕೂರಿಸಿ, ಜಡೆ ಹಾಕಿ, ಸ್ಕೂಲಿಗೆ ಅಟ್ಟಿದವಳು ಅಕ್ಕ. ಈಗ ಆ ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್.

ಹಳೆಯ ಔಷಧಿ ಅಕ್ಕನನ್ನು ಹಿಂಡಿ ಹಿಪ್ಪೆ ಮಾಡಿತ್ತು. ಹೃದಯಕ್ಕೂ ಪೆಟ್ಟು ಬೀಳುವ ಸೂಚನೆ ಕಂಡು ಡಾಕ್ಟರು ಹೊಸದನ್ನು ಬರೆದರು. ಔಷಧಿ ಅದೇ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳೊಳಗೆ ಅಡಗಿ ಕೂತಿರುತ್ತದೆ. ಗುಳ್ಳೆ ಒಡೆಯದಿದ್ದರೆ ಹೃದಯವನ್ನು ಅಷ್ಟಾಗಿ ಕಾಡದೆ ಗಡ್ಡೆಯ ಕಡೆಗೇ ಹೆಚ್ಚು ಸೇರುತ್ತದೆ. "ಇನ್ನು ನಾನು ಬರಲ್ಲ, ನನ್ನ ಪಾಡಿಗೆ ನನ್ನ ಬಿಟ್ಬಿಡೇ" ಎಂದು ಗೋಡೆ ಕಡೆ ತಿರುಗಿ ಮಲಗಿದ್ದ ಅಕ್ಕನನ್ನು ಕಾಡಿ ಬೇಡಿ ಒಪ್ಪಿಸಿದ್ದಾಯಿತು.

ನಿನ್ನೆ ಸೀಸೆ ಬಂತು. ಬೇರೆ ಯಾರಾದರೂ ಎತ್ತಿಕೊಂಡುಬಿಟ್ಟರೆ? ಕೈತಪ್ಪಿ ಬೀಳಿಸಿದರೆ? ಅವಳಿಗೆ ಜೀವ ತಡೆಯಲಿಲ್ಲ. ಮನೆಗೆ ಹೊರಡುವ ಮುಂಚೆ ಅದನ್ನು ಫ್ರಿಜ್ಜಿನ ಕಟ್ಟಕಡೆಗೆ, ಹಿಂಬದಿಯ ಗೋಡೆಗೆ ಒತ್ತಿ ಬಚ್ಚಿಟ್ಟಳು. ಆ ಗೋಡೆಗೆ ಏನನ್ನೂ ತಾಗಿಸಬೇಡಿ, ಅಲ್ಲಿ ಹೆಪ್ಪುಗಟ್ಟುತ್ತದೆ ಎಂದು ಹೊಸಬರಿಗೆಲ್ಲ ಗದರಿ ಹೇಳುತ್ತಿದ್ದವಳೂ ಇವಳೇ. ಅಕ್ಕನದು ಎಂದ ಕೂಡಲೇ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಬೆಳಿಗ್ಗೆ ತೆಗೆದರೆ ಕೆಂಪು ಔಷಧಿ ಒಂದು ಮಗ್ಗುಲಿಗೆ ಗಡ್ಡೆ ಕಟ್ಟಿತ್ತು. ನೋಡನೋಡುತ್ತಿದ್ದಂತೆ ಕರಗಿ ಎಂದಿನ ಹಾಗೆಯೇ ಆಯಿತು. ಒಳಗೆ ಗುಳ್ಳೆಗಳು ಒಡೆದಿವೆಯೋ ಇಲ್ಲವೋ, ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ಒಡೆದಿದ್ದರೆ ಅಕ್ಕನ ಹೃದಯದ ಗತಿ? ಎಸೆದರೆ ಇನ್ನೊಂದು ಬರಲು ವಾರ ಬೇಕು. ಇವತ್ತು ವಾಪಸು ಹೋದರೆ ಅಕ್ಕ ಮತ್ತೆ ಬಂದಾಳೆಯೇ? ಬಾಗಿಲಿನಿಂದ ಸಿಂಕಿಗೆ, ಸಿಂಕಿನಿಂದ ಬಾಗಿಲಿಗೆ ಶತಪಥ ಹಾಕಿದಳು.

"ಏನಾಯ್ತೇ, ಕೆಂಡ ತುಳಿದವಳ ಹಾಗೆ ಓಡಾಡ್ತಿದ್ದೀಯ?" ಎಂದಳು ಜೊತೆಗಾತಿ.

"ಔಷಧಿ ಹೆಪ್ಪುಗಟ್ಟಿಬಿಡ್ತು ಕಣೇ. ನಾನೇ ಹಿಂದೆ ತಳ್ಳಿದ್ದು." ಹೇಳಿದ ಮೇಲೆ ಇನ್ನೇನು ಉಳಿಯಿತು? ಸೀಸೆ ಕಸದ ಡಬ್ಬಿಗೆ ಹೋಯಿತು.

ಹೊರಗೆ ಅಕ್ಕ ರವಿಕೆಯ ತೋಳು ಮೇಲೇರಿಸಿಕೊಂಡು ಕುರ್ಚಿಯಲ್ಲಿ ಕಾದಿದ್ದಳು.

"ಅಕ್ಕಾ, ಇವತ್ತು ಔಷಧಿ ಇಲ್ಲ. ನನ್ನಿಂದ್ಲೇ ಹಾಳಾಯ್ತು."

ಅಕ್ಕನ ಮುಖ ಅರಳಿತು. "ಹಾಗಾದ್ರೆ ಮನೆಗೆ ಹೋಗ್ಬಹುದಾ?" ಎಂದು ಚೀಲಕ್ಕೆ ಕೈ ಹಾಕಿಯೇಬಿಟ್ಟಳು. ಬೈಸಿಕೊಳ್ಳಲು ಸಿದ್ಧಳಾಗಿ ಬಂದಿದ್ದ ತಂಗಿಗೆ ಆ ಸಂತೋಷವನ್ನು ನೋಡಲಾಗಲಿಲ್ಲ.

"ಮುಂದಿನ ವಾರ ಬರ್ತೀಯ ಅಲ್ವಾ?"

ಅಕ್ಕ ಚೀಲವನ್ನು ಮಡಿಲಲ್ಲಿಟ್ಟುಕೊಂಡಳು.

"ಬರಲ್ಲ ಅಂತೀನಿ ನೋಡು," ಎಂದಳು ಮೆಲ್ಲಗೆ. "ನೀನು ಕೇಳ್ಬೇಡ. ಎಳ್ಕೊಂಡು ಬಾ."