ಆ ಮಧ್ಯಾಹ್ನ ಬಟ್ಟಲು ಖಾಲಿ ಮಾಡಿದವಳು ನಾನು

ನಮ್ಮ ಅತ್ತೆಯನ್ನು ಇರುವೆಗಳ ಬಾಯಿಗೆ ಒಡ್ಡಿದವಳು ನಾನು. ಕಸ್ತೂರಿ ಅಲ್ಲ. ಹುಮನಾಬಾದಿನ ನಮ್ಮ ಓಣಿಯಲ್ಲಿ, ಬಸವಕಲ್ಯಾಣದ ನಮ್ಮ ನೆಂಟರಲ್ಲಿ ಎಂಟು ವರ್ಷಗಳಿಂದ ಎಲ್ಲರೂ ನಂಬಿಕೊಂಡು ಬಂದಿರುವುದು ಸುಳ್ಳು — ಆ ಸುಳ್ಳು ಹೇಳಿದ ಬಾಯಿ ನನ್ನದು.

ಅತ್ತೆಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಬಲಗಡೆಯ ಕೈಕಾಲು ಹೋಗಿದ್ದವು, ಮಾತೂ ನಿಂತಿತ್ತು. ಕಣ್ಣು ಮಾತ್ರ ಎಲ್ಲವನ್ನೂ ನೋಡುತ್ತಿದ್ದವು. ಅವರನ್ನು ನೋಡಿಕೊಳ್ಳಲು ಘಾಟಬೋರಾಳದ ಕಸ್ತೂರಿ ಬರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಲೆಂದು ನಮ್ಮೂರ ಪಕ್ಕದ ಮಾಣಿಕನಗರದಲ್ಲಿ ಒಂದು ಕೋಣೆ ಹಿಡಿದಿದ್ದಳು. ಬೆಳಿಗ್ಗೆ ಬಂದು ಅತ್ತೆಯ ಮೈ ಒರೆಸಿ, ಮಗ್ಗಲು ಬದಲಿಸಿ, ಹನ್ನೆರಡಕ್ಕೆ ಹೋಗುವಳು. ಅತ್ತೆಯನ್ನು "ಆಯಿ" ಎಂದು ಕರೆಯುವಳು. ಅವಳ ಜಾತಿಯ ಕಾರಣಕ್ಕೆ, ಅವಳು ಒಳಮನೆಗೆ ಬರುವುದು ನನ್ನ ನಾದಿನಿ ಸುವರ್ಣಾಳಿಗೆ ಸರಿಬರುತ್ತಿರಲಿಲ್ಲ. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ನನಗೆ ಕೈಯಾಸರೆ ಬೇಕಾಗಿತ್ತು, ಅಷ್ಟೇ.

ಆ ವರ್ಷ ಮಳೆ ಹಿಡಿದದ್ದೇ ತಡ, ಗೋಡೆಯೂ ನೆಲದ ಫರಸಿಕಲ್ಲೂ ಕೂಡುವ ಸಂದಿಯಿಂದ ಕೆಂಪಿರುವೆ ಹೊರಟವು. ಸಕ್ಕರೆ ಡಬ್ಬಿಯನ್ನು ನೀರಿನ ತಾಟಿನಲ್ಲಿಟ್ಟೆ. ಸಂದಿಗೆ ಅರಿಶಿನ ತುಂಬಿದೆ, ಬೂದಿ ತುಂಬಿದೆ, ಸಿಮೆಂಟ್ ಮೆತ್ತಿಸಿದೆ. ಎರಡು ದಿನ ಕಾಣೆಯಾದ ಸಾಲು ಮೂರನೆಯ ದಿನ ಕರೆಂಟಿನ ಬೋರ್ಡಿನಿಂದ ಇಳಿಯುತ್ತಿತ್ತು. ಇರುವೆ ಔಷಧದ ಸೀಮೆಸುಣ್ಣದಿಂದ ಬಾಗಿಲಿಗೆಲ್ಲ ಗೆರೆ ಎಳೆದೆ, ದಾಟಿಕೊಂಡು ಬಂದವು. ಪುಡಿ ಉದುರಿಸೋಣವೆಂದರೆ ಅತ್ತೆಗೆ ದಮ್ಮು. ರೊಟ್ಟಿ ಬುಟ್ಟಿಯಲ್ಲಿ ಇರುವೆ, ಮಡಿಚಿಟ್ಟ ಸೀರೆಯಲ್ಲಿ ಇರುವೆ. ಮೈಮೇಲೆ ಏನೂ ಇಲ್ಲದಾಗಲೂ ಕೆರೆದುಕೊಳ್ಳುತ್ತಿದ್ದೆ. ಒಂದು ದಿನ ಕಸಬರಿಗೆಯಿಂದ ಗೋಡೆಗೆ ಬಡಿದು ಬಡಿದು ಅತ್ತುಬಿಟ್ಟೆ — ಅತ್ತೆ ನೋಡುತ್ತಿದ್ದರು.

ಉಪಾಯ ಕಂಡುಕೊಟ್ಟವಳು ಕಸ್ತೂರಿಯೇ. ಮಂಚವನ್ನು ಗೋಡೆಯಿಂದ ದೂರ ಎಳೆದಳು. ನಾಲ್ಕು ಕಾಲಿಗೂ ಬಟ್ಟಲು ಕೊಟ್ಟು, ಫಿನಾಯಿಲ್ ಬೆರೆಸಿದ ನೀರು ತುಂಬಿದಳು.

"ಅಕ್ಕಾರ, ಈ ನೀರ ಆರಬಾರದ್ರಿ. ಚಾದರ ಗ್ವಾಡಿಗಿ ತಾಕಬಾರದು. ಇಷ್ಟ ನೋಡ್ಕೊಂಡ್ರ ಆಯಿ ಹತ್ರ ಒಂದೂ ಬರಂಗಿಲ್ಲ."

ಬರಲಿಲ್ಲ. ಮೂರು ವಾರ ಒಂದೂ ಬರಲಿಲ್ಲ.

ಆ ದಿನ ಬಸವಕಲ್ಯಾಣದಿಂದ ಸುವರ್ಣಾ ಬರುವವಳಿದ್ದಳು. ಅವಳಿಗೆ ಫಿನಾಯಿಲ್ ವಾಸನೆ ಆಗದು, ಹಿಂದಿನ ಸಲ ನೆಲ ಒರೆಸಿದ ವಾಸನೆಗೇ "ಮನಿ ಹೋಗಿ ದವಾಖಾನಿ ಆಗ್ಯದ" ಎಂದು ಮೂಗು ಮುಚ್ಚಿಕೊಂಡಿದ್ದಳು. ಕಸ್ತೂರಿ ಹೋದ ಮೇಲೆ ನಾನು ನಾಲ್ಕೂ ಬಟ್ಟಲು ತೆಗೆದು ನೀರು ಚೆಲ್ಲಿದೆ. ಕೋಣೆ ಅಗಲವಾಗಿ ಕಾಣಲೆಂದು ಮಂಚವನ್ನು ಗೋಡೆಗೆ ಒತ್ತಿದೆ. ಸುವರ್ಣಾ ಹೋದ ಮೇಲೆ ಮತ್ತೆ ಇಟ್ಟರಾಯಿತು ಎಂದುಕೊಂಡೆ. ಅತ್ತೆಗೆ ಅವಸರದಲ್ಲಿ ಹಾಲುಗಂಜಿ ಕುಡಿಸಿದೆ. ಅದು ಕಟಬಾಯಿಯಿಂದ ಇಳಿದು ಕುತ್ತಿಗೆಯ ಮಡಿಕೆಗೆ ಹೋದದ್ದನ್ನು ನೋಡಿದೆ. ಹೌದು, ನೋಡಿದೆ. ಒರೆಸಲು ಬಟ್ಟೆ ತರಬೇಕೆಂದು ಒಳಗೆ ಹೋದವಳು... ಎರಡು ದಿನದಿಂದ ನಿದ್ದೆ ಇರಲಿಲ್ಲ — ಇಲ್ಲ, ಅದನ್ನು ಹೇಳುವುದಿಲ್ಲ. ಹೋದೆ, ಮಲಗಿದೆ.

ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. ಸುವರ್ಣಾ ನನಗಿಂತ ಮೊದಲು ತಾಯಿಯ ಕೋಣೆಗೆ ಹೋದಳು. ಚೀರಿದಳು.

ಗೋಡೆಯಿಂದ ಚಾದರ, ಚಾದರದಿಂದ ದಿಂಬು — ಕೆಂಪು ಸಾಲು. ಅತ್ತೆಯ ಕುತ್ತಿಗೆ, ಕಿವಿಯ ಹಿಂದೆ, ಕಣ್ಣಿನ ಅಂಚು... ಆಡುತ್ತಿದ್ದ ಒಂದೇ ಕೈಯಿಂದ ಮುಖ ಒರೆಸಿಕೊಂಡು ಒರೆಸಿಕೊಂಡು ಬೆರಳುಗಳೂ ಬಾತಿದ್ದವು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಪಕ್ಕದ ಕೋಣೆಯಲ್ಲೇ ನಾನಿದ್ದೆ. ಎಷ್ಟು ಹೊತ್ತು ಹಾಗೆ — ಅದು ನನಗೆ ಎಂದೂ ಗೊತ್ತಾಗುವುದಿಲ್ಲ.

ಇಬ್ಬರೂ ಸೇರಿ ಇರುವೆ ಕೊಡವಿ, ಒದ್ದೆ ಬಟ್ಟೆಯಿಂದ ಒರೆಸುತ್ತಿರುವಾಗ ಸುವರ್ಣಾ ಕೇಳಿದಳು: "ಮಂಚದ ಕೆಳಗ ನೀರ ಇಡ್ತೀವಿ ಅಂತ ಫೋನಿನ್ಯಾಗ ಹೇಳಿದ್ರಲ್ಲ ವೈನಿ, ಎಲ್ಲದ?"

"ಕಸ್ತೂರಿ ಇಡೂದ ಮರ್ತಾಳ" ಎಂದೆ.

ಮೂರು ಪದ. ಅತ್ತೆಯ ಕಣ್ಣು ನನ್ನ ಮೇಲೇ ಇದ್ದವು.

ಮರುದಿನ ಕಸ್ತೂರಿಯನ್ನು ಸುವರ್ಣಾ ಹೊಸ್ತಿಲಲ್ಲೇ ತಡೆದಳು. "ನಾ ನಾಕೂ ತುಂಬಿಟ್ಟೇ ಹೋಗೀನ್ರಿ. ಅಕ್ಕಾರ, ನೀವರ ಹೇಳ್ರಿ" ಎಂದು ಅವಳು ನನ್ನ ಕಡೆ ತಿರುಗಿದಳು. ನಾನು ಗೋಡೆ ನೋಡಿದೆ. "ನಿಮ್ಮಂಥವರ್ನ ಒಳಗ ಬಿಟ್ಟಿದ್ದೇ ತಪ್ಪಾತು" ಎಂದಳು ಸುವರ್ಣಾ. ನಾನು ಆಗಲೂ ಗೋಡೆ ನೋಡುತ್ತಲೇ ಇದ್ದೆ. ಕಸ್ತೂರಿ ಅಳಲಿಲ್ಲ. "ಆಯಿಗಿ ಒಮ್ಮಿ ನೋಡಿ ಹೋಗ್ತೀನ್ರಿ" ಎಂದಳು. ಅದಕ್ಕೂ ಬಿಡಲಿಲ್ಲ.

ಮಾತು ಓಣಿಯಿಂದ ಓಣಿಗೆ ಹೋಯಿತು. ಕೆಲಸಕ್ಕೆ ಬಾ ಎಂದಿದ್ದ ಎರಡು ಮನೆಯವರು ಬೇಡವೆಂದರು. ಅವಳು ಕೋಣೆ ಬಿಟ್ಟು, ಮಗಳನ್ನು ಕರೆದುಕೊಂಡು ಘಾಟಬೋರಾಳಕ್ಕೆ ಹೊಲದ ಕೂಲಿಗೆ ಮರಳಿದಳು. ಅತ್ತೆ ಇನ್ನೂ ಐದು ತಿಂಗಳು ಬದುಕಿದ್ದರು. ನನ್ನ ಕೈಯಿಂದಲೇ ಉಂಡರು — ಬೇರೆ ಕೈ ಇರಲಿಲ್ಲವಲ್ಲ. ಆದರೆ ನನ್ನ ಮುಖ ನೋಡುವುದನ್ನು ಬಿಟ್ಟರು.

ಹೋದ ತಿಂಗಳು ಬಸವಕಲ್ಯಾಣಕ್ಕೆ ಹೋಗಿದ್ದೆ. ಮನೆಗೆಲಸಕ್ಕೆ ಹೆಣ್ಣುಮಗಳೊಬ್ಬಳನ್ನು ಇಡುವ ಮಾತು ಬಂದಾಗ ಸುವರ್ಣಾ ನೆರೆಯವಳಿಗೆ ಹೇಳತೊಡಗಿದಳು: "ಘಾಟಬೋರಾಳದಾಕಿ ಒಬ್ಬಾಕಿ ನಮ್ಮವ್ವಗ ಇರುವಿ ಕಡಿಸಿದ್ಳು..." ನನಗೆ ತಡೆಯಲಾಗಲಿಲ್ಲ. ಆ ನೆರೆಯವಳ ಎದುರಿಗೇ ಎಲ್ಲವನ್ನೂ ಹೇಳಿಬಿಟ್ಟೆ. ಸುವರ್ಣಾ ನೆರೆಯವಳನ್ನು ಬಾಗಿಲ ತನಕ ಕಳಿಸಿ ಬಂದಳು. ಆಮೇಲೆ, "ಎಂಟ ವರ್ಷ ಆತು ವೈನಿ. ಈಗ್ಯಾಕ ಎತ್ತಾಕತ್ತೀರಿ?" ಎಂದಳು.

ಮೊನ್ನೆ ಘಾಟಬೋರಾಳಕ್ಕೆ ಹೋದೆ. ಕಸ್ತೂರಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಚಾಪೆ ಹಾಸಿದಳು. ನಾನು ಹೇಳುತ್ತ ಹೋದೆ, ಅವಳು ಮೊರದಿಂದ ಕಲ್ಲು ಆರಿಸುತ್ತಲೇ ಇದ್ದಳು.

"ನನಗ ಅವತ್ತೇ ಗೊತ್ತಾಗಿತ್ರಿ ಅಕ್ಕಾರ" ಎಂದಳು ಕೊನೆಗೆ. "ಆದ್ರ ನನ್ನ ಮಗಳಿಗಿ ಗೊತ್ತಿಲ್ಲ. ಸಾಲ್ಯಾಗ ಆಕೀಗಿ 'ಇರುವಿ ಕಡಿಸಿದಾಕಿ ಮಗಳು' ಅಂತಿದ್ರು. ಊರಿಗಿ ಬಂದಮ್ಯಾಲ ಸಾಲಿಗಿ ಹೋಗ್ಲೇ ಇಲ್ಲ. 'ಅವ್ವಾ, ನೀ ಖರೇನೇ ಮರ್ತಿದ್ದೇನು?' ಅಂತ ಇವತ್ತಿಗೂ ಕೇಳ್ತಾಳ. ನಾ ಏನ ಹೇಳಿದ್ರೂ ಆಕಿ ಮನಸಿನ್ಯಾಗ ಅದ ಹೋಗಿಲ್ರಿ. ನಿರ್ಣಾ ಊರಿಗಿ ಲಗ್ನ ಮಾಡಿ ಕೊಟ್ಟೀನಿ ಆಕೀನ್ನ. ಆಕಿ ಮುಂದ ಹೇಳ್ರಿ. ಫೋನಿನ್ಯಾಗ ಬ್ಯಾಡ. ಮಾರಿ ನೋಡಿ ಹೇಳ್ರಿ."

ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಬಾಯಿ ನನಗಿರಲಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ನಿರ್ಣಾಕ್ಕೆ ಹೊರಟಿದ್ದೇನೆ. ಕಸ್ತೂರಿ ನಮ್ಮ ಮನೆಗೆ ಬರುತ್ತಿದ್ದಷ್ಟು ಕಾಲವೂ ಅವಳ ಮಗಳ ಹೆಸರೇನೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಮೊನ್ನೆ ಕೇಳಿಕೊಂಡು ಬಂದೆ. ಸುಜಾತಾ.