ನಂಜಕ್ಕ ಹಾಕಿದ ಸೊಪ್ಪು

ಕಾಡಿಗೆ ಕಾಲಿಟ್ಟ ಕೂಡಲೇ ನಂಜಕ್ಕ ಚಪ್ಪಲಿ ಬಿಚ್ಚಿ, ಎರಡನ್ನೂ ಜೋಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ನಾವೆಲ್ಲ ಮುಳ್ಳಿಗೆ ಹೆದರಿ ದಪ್ಪ ಬೂಟು ಹಾಕಿಕೊಂಡು ಹೋಗುವ ದಾರಿಯಲ್ಲಿ ಅವಳು ಬರಿಗಾಲಲ್ಲಿ ನಮಗಿಂತ ಇಪ್ಪತ್ತು ಹೆಜ್ಜೆ ಮುಂದೆ. ಯಾಕೆ ಎಂದರೆ, "ಚೆಪ್ಪಲಿ ತೇದೋದ್ರೆ ತಿರ್ಗ ದುಡ್ಡು ಕೊಟ್ಟು ವಾಂಗ್ಬೇಕು ವಾದ್ಯಾರೆ. ಕಾಲು ತೇದೋಯ್ತದಾ?" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನನ್ನೊಬ್ಬನನ್ನು ಬಿಟ್ಟು. ನಂಜಕ್ಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳು ಹೋದ ಮೇಲಾದರೂ ಅದನ್ನು ಒಪ್ಪಿಕೊಳ್ಳಬೇಕು.

ತಮಿಳು ಸೀಮೆಯ ತೇನಿಯ ಅಂಚಿನಲ್ಲಿ ಮನೆಗಳು ಮುಗಿದು ಬೆಟ್ಟ ಶುರುವಾಗುವಲ್ಲಿ ಒಂದು ಕುರುಚಲು ಕಾಡಿದೆ. ಊರವರ ಬೆಳಗಿನ ನಡಿಗೆಗೆಂದು ಅದರೊಳಗೆ ಕಾಲುದಾರಿಗಳನ್ನು ಸರಿಮಾಡಿದಾಗ, ನಕಾಶೆಯ ಬೋರ್ಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತನಾದವನು ನಾನು, ಊರಿಗೆಲ್ಲ ವಾದ್ಯಾರು, ಅಂದರೆ ಮೇಷ್ಟ್ರು. ಹಳ್ಳಕ್ಕೆ ನೀಲಿ, ದಾರಿಗೆ ಹಳದಿ, ಪ್ರತಿ ಕವಲಿನ ಬಂಡೆಯ ಮೇಲೆ ಬಿಳಿಯ ಬಾಣ. ಬಿಸಿಲಲ್ಲಿ ನಿಂತು ಬರೆದು ಬರೆದು ಕತ್ತಿನ ಹಿಂದೆ ಚರ್ಮ ಸುಲಿದಿತ್ತು. ಬೋರ್ಡಿನ ಮೂಲೆಯಲ್ಲಿ, ಯಾರಾದರೂ ಬಗ್ಗಿ ನೋಡಿದರೆ ಕಾಣುವಷ್ಟು, ನನ್ನ ರುಜುವೂ ಇತ್ತು.

ಯಾರೂ ಬಗ್ಗಿ ನೋಡಲಿಲ್ಲ. ಎಲ್ಲರೂ ನಂಜಕ್ಕನ ಹಿಂದೆ ಹೋದರು. ಅವಳು ತೇವಾರಂನವಳು, ಬೆಟ್ಟದ ಬುಡದಲ್ಲಿ ಹುಣಸೆಹಣ್ಣು ಆರಿಸುತ್ತಾ ಬೆಳೆದವಳು. ಮದುವೆಯಾಗಿ ತೇನಿಗೆ ಬಂದ ಮೇಲೂ ಮನೆಯಲ್ಲಿ ಕೂತು ಹುಣಸೆ ಬೀಜ ಬಿಡಿಸಿ ಸಗಟು ಮಂಡಿಗೆ ಕೊಡುತ್ತಿದ್ದಳು. ಬೆರಳ ತುದಿಗಳು ಸದಾ ಕಂದು. ಓದು ಬಾರದು. ಕವಲು ಬಂದ ಕಡೆ ಗಿಡದಿಂದ ಒಂದು ಸೊಪ್ಪಿನ ಕೊಂಬೆ ಕುಯ್ದು, ಹೋಗಬಾರದ ದಾರಿಗೆ ಅಡ್ಡ ಹಾಕಿ ಮುಂದೆ ನಡೆಯುವಳು. ತಡವಾಗಿ ಬಂದವರು ಸೊಪ್ಪು ಬಿದ್ದ ದಾರಿ ಬಿಟ್ಟು ಇನ್ನೊಂದನ್ನು ಹಿಡಿಯಬೇಕು. ಕನ್ನಡ ಸೀಮೆಯಿಂದ ಇತ್ತ ಬಂದ ನಮ್ಮ ಹಿರಿಯರು ಬೆಟ್ಟ ಹತ್ತುವಾಗ ಹೀಗೇ ಮಾಡುತ್ತಿದ್ದರಂತೆ. ಪಕ್ಕದ ಬಂಡೆಯ ಮೇಲೆ ನನ್ನ ಬಾಣ ಅಂಗೈಯಗಲ ಬೆಳ್ಳಗೆ ಹೊಳೆಯುತ್ತಿದ್ದರೂ ಜನ ಸೊಪ್ಪನ್ನೇ ಹುಡುಕುತ್ತಿದ್ದರು.

ಅದನ್ನೂ ಸಹಿಸಿಕೊಳ್ಳುತ್ತಿದ್ದೆನೇನೋ. ಸಹಿಸಲಾಗದೆ ಹೋದದ್ದು ನನ್ನ ಹೆಂಡತಿ ಕಮಲಳ ನಗು. ಮದುವೆಯ ಹೊಸತರಲ್ಲೇ ನಾನು, ಹುಟ್ಟುವ ಮಕ್ಕಳ ಓದಿಗೆ ತೊಂದರೆ, ಮನೆಯಲ್ಲಿ ತಮಿಳೇ ಇರಲಿ ಎಂದು ಅವಳಿಗೆ ಹೇಳಿದ್ದೆ. ನಮ್ಮ ಹಳೆಯ ಮನೆಮಾತು, ಈ ಕನ್ನಡ, ನನ್ನ ಕಿವಿಗೆ ಒರಟಾಗಿ ಕೇಳುತ್ತಿತ್ತು. ಅಂದಿನಿಂದ ಕಮಲ ನನ್ನ ಜೊತೆ ಆಡಿದ್ದೆಲ್ಲ ತಮಿಳೇ. ಅದೇ ಕಮಲ ನಂಜಕ್ಕನ ಜೊತೆ ನಮ್ಮ ಮಾತಿನಲ್ಲಿ ಗಂಟೆಗಟ್ಟಲೆ ಹರಟಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನ್ನ ಮನೆಯಲ್ಲಿ ಅಂಥ ನಗುವನ್ನು ನಾನು ಕೇಳಿರಲಿಲ್ಲ.

ಒಂದು ದಿನ ದಿಂಡಿಗಲ್‌ನಿಂದ ಬಂದ ಹೊಸಬರೊಬ್ಬರು ನನ್ನ ಬೋರ್ಡಿನ ಮುಂದೆ ನಿಂತು ದಾರಿ ಹುಡುಕುತ್ತಿದ್ದರು. ಕಮಲ ಅವರಿಗೆ, ಬೋರ್ಡು ಬಿಡಿ, ಸೊಪ್ಪು ನೋಡಿಕೊಂಡು ಬನ್ನಿ ಎಂದಳು. ನಾನು ಪಕ್ಕದಲ್ಲೇ ಇದ್ದೆ.

ಮರುದಿನ ಬೆಳಿಗ್ಗೆ ಎರಡನೆಯ ಕವಲಿನಲ್ಲಿ ಬೂಟಿನ ದಾರ ಕಟ್ಟುವ ನೆಪದಲ್ಲಿ ಹಿಂದೆ ಉಳಿದೆ. ಗುಂಪು ತಿರುವಿನಲ್ಲಿ ಮರೆಯಾದ ಮೇಲೆ, ನಂಜಕ್ಕ ಅಡ್ಡ ಹಾಕಿದ್ದ ಕೊಂಬೆಯನ್ನು ಎತ್ತಿ ಸರಿಯಾದ ದಾರಿಗೆ ಅಡ್ಡ ಹಾಕಿದೆ. ನನ್ನ ಬಾಣ ನಿಜ ಹೇಳುತ್ತಿತ್ತು, ಸೊಪ್ಪು ಸುಳ್ಳು ಹೇಳುತ್ತಿತ್ತು. ಜನಕ್ಕೆ ಒಂದು ಸಲ ಗೊತ್ತಾಗಲಿ ಎನ್ನುವುದಷ್ಟೇ ನನ್ನ ಲೆಕ್ಕ.

ಅಂದು ತಡವಾಗಿ ಹೊರಟವಳು ಕಮಲ ಒಬ್ಬಳೇ. ಬಾಣ ಕಂಡರೂ ಅವಳು ಸೊಪ್ಪನ್ನೇ ನಂಬಿದಳು. ಆ ದಾರಿ ಮುಳ್ಳುಪೊದೆಯ ನಡುವೆ ಹಳ್ಳಕ್ಕೆ ಇಳಿದು ಅಲ್ಲೇ ಸಾಯುತ್ತದೆ, ಫೋನೂ ಸಿಗುವುದಿಲ್ಲ. ಬಿಸಿಲೇರಿದರೂ ಅವಳು ಬರಲಿಲ್ಲ. ಕೊಂಬೆಯ ವಿಷಯ ನಾನು ಹೇಳಲಿಲ್ಲ. ನಂಜಕ್ಕ ಹಿಂದಕ್ಕೆ ಓಡಿದಳು. ಕಾಲು ಉಳುಕಿ ಹಳ್ಳದಲ್ಲಿ ಕೂತಿದ್ದ ಕಮಲಳನ್ನು ಹೆಗಲಿಗೆ ಆನಿಸಿಕೊಂಡು ಮೇಲೆ ತಂದಳು. ಅವಳ ಬರಿಗಾಲಿನಿಂದ ರಕ್ತ ಸೋರುತ್ತಿತ್ತು.

ಕವಲಿಗೆ ಬಂದು ನಂಜಕ್ಕ ಆ ಕೊಂಬೆಯನ್ನು ಒಂದು ಕ್ಷಣ ನೋಡಿದಳು. "ಯಾರೋ ಸೊಪ್ಪು ಮುಟ್ಟಿರ್ಬೇಕು," ಎಂದರು, ಹಿಂದೆಯೇ ಬಂದು ಅಲ್ಲಿ ಸೇರಿದ್ದವರಲ್ಲಿ ಒಬ್ಬರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಬಗ್ಗಿ ಬೂಟಿನ ದಾರ ನೋಡಿಕೊಂಡೆ.

"ಯಾರು ಮುಟ್ತಾರೆ, ವಿಡು," ಎಂದಳು ನಂಜಕ್ಕ. "ನಂದೇ ತಪ್ಪು. ವಯಸಾಯ್ತು, ಕಣ್ಣು ಮಬ್ಬು. ನಾಳೆಯಿಂದ ವಾದ್ಯಾರು ಬರ್ದಿರೋ ಗುರ್ತು ನೋಡ್ಕೊಂಡು ಓಗಿ."

ಅವರು ಹಾಗೇ ಮಾಡಿದರು. ಗುಂಪು ನನ್ನ ಬಾಣ ಹಿಡಿಯಿತು. ಬಯಸಿದ್ದೆಲ್ಲ ಕೈಗೆ ಸಿಕ್ಕಿತು. ನಂಜಕ್ಕ ಸೊಪ್ಪು ಹಾಕುವುದನ್ನು ಬಿಟ್ಟು ಎಲ್ಲರ ಹಿಂದೆ ನಡೆಯತೊಡಗಿದಳು. ಕಾಲು ವಾಸಿಯಾದ ಮೇಲೆ ಕಮಲಳೂ ಹಿಂದೆಯೇ ಉಳಿದಳು, ಅವಳ ಜೊತೆ. ಮುಂದೆ ನಡೆಯುತ್ತಿದ್ದ ನನಗೆ ಇಬ್ಬರ ನಗು ಬೆನ್ನಿಗೆ ಬಂದು ತಾಕುತ್ತಿತ್ತು. ಹೊಟ್ಟೆಯುರಿ ಮೊದಲಿಗಿಂತ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಮೂರು ವರ್ಷ ಹೀಗೇ ಕಳೆಯಿತು. ಸೊಂಟ ಮುರಿದು ನಂಜಕ್ಕ ಹಾಸಿಗೆ ಹಿಡಿದಾಗ, ಪೆರಿಯಕುಳಂನ ಮಾವಿನಹಣ್ಣು ತೆಗೆದುಕೊಂಡು ನೋಡಲು ಹೋದೆ. ಹಣ್ಣು ಮೂಸಿ ನೋಡಿ ಪಕ್ಕಕ್ಕಿಟ್ಟಳು.

"ವಾದ್ಯಾರೆ, ಒಂದು ಏಳ್ಕೊಡ್ತೀನಿ. ಅಡ್ಡ ಸೊಪ್ಪು ಆಕುವಾಗ, ಕುಯ್ದ ತುದಿ ನಾವು ಓದ ದಾರಿ ಕಡೆ ಇರ್ಬೇಕು. ಎಲೆ ಆಚೆ ಕಡೆ. ಅವತ್ತು ನೀವು ಎಲೇನ ಈಚೆ ಕಡೆ ಆಕಿದ್ರಿ."

"ಕಮಲಂಗೆ ಹೇಳಿದೀಯಾ?" ಎಂದೆ, ನಮ್ಮ ಮಾತಿನಲ್ಲೇ.

"ನಾ ಯಾಕೆ ಏಳ್ಲಿ?" ಎಂದು ನಕ್ಕಳು. "ಅಣ್ಣು ಚೆನ್ನಾಗದೆ. ಅವ್ಳಿಗೂ ಎರಡು ಇಕ್ಕಿದೀರಾ?"

ಆ ವಾರವೇ ಅವಳು ಹೋದಳು.

ಅವಳ ಹದಿನಾರನೆಯ ದಿನದ ಕರ್ಮ ಮುಗಿದ ಮೇಲೆ ನಾನೂ ಕಮಲಳೂ ಕಾಡಿಗೆ ಹೋದೆವು. ಎರಡನೆಯ ಕವಲಿನಲ್ಲಿ ನಾನು ಒಂದು ಕೊಂಬೆ ಕುಯ್ದು ಹಳ್ಳದ ದಾರಿಗೆ ಅಡ್ಡ ಹಾಕಿದೆ. ಕುಯ್ದ ತುದಿ ನಾವು ಹೋಗುವ ಕಡೆಗೆ, ಎಲೆ ಆಚೆಗೆ. ಕಮಲ ನಿಂತು ನೋಡಿದಳು.

"ಇವತ್ತು ಸರ್ಯಾಗಿ ಆಕಿದ್ರಿ," ಎಂದಳು.

ನಂಜಕ್ಕ ಹೇಳಿರಲಿಲ್ಲ. ಸೊಪ್ಪು ಹಾಕುವುದನ್ನು ಅವಳಿಂದ ಕಲಿತಿದ್ದ ಕಮಲ, ಉಳುಕಿದ ಕಾಲಲ್ಲಿ ಆ ಕವಲಿಗೆ ಮರಳಿದಾಗಲೇ ಕೊಂಬೆ ನೋಡಿದ್ದಳು. ಅಂದು ಗುಂಪಿನ ಹಿಂದೆ ಉಳಿದಿದ್ದವನು ಯಾರು ಎಂಬುದನ್ನೂ ಜೊತೆಯವರಿಂದ ಕೇಳಿ ತಿಳಿದಿದ್ದಳು. ಮೂರು ವರ್ಷ ಅದನ್ನು ಇಟ್ಟುಕೊಂಡೇ ನನಗೆ ದಿನಾ ಕಾಫಿ ಕೊಟ್ಟಿದ್ದಳು.

ಅವಳು ಮುಂದೆ ನಡೆದಳು. ನಾನು ಬಾಣದ ಪಕ್ಕದಲ್ಲಿ ನಿಂತೇ ಇದ್ದೆ. ಮದುವೆಯ ಹೊಸತರಲ್ಲಿ ನಾನು ಬಾಯಿ ಕಟ್ಟಿದ ಮೇಲೆ, ನಮ್ಮ ಮಾತಿನಲ್ಲಿ ಕಮಲ ನನಗೆ ಆಡಿದ ಮೊದಲ ಮಾತು ಅದು.